ಅಡವಿ ಈರುಳ್ಳಿ: ಬಂಜರು ಬಯಲಿನಿಂದ ಗಾಜಿನ ಶೀಸೆಗೆ

ಹರಪನಹಳ್ಳಿಯ ನೆರೆಯ ತಾಲ್ಲೂಕಿನ ಹೆಸರಿನಲ್ಲೇ ಹೂವಿದೆ. ಹೂವಿನ ಹಡಗಲಿಯಿಂದ ವಿಜಯನಗರದ ಅರಸರ ಕಾಲದಲ್ಲಿ ತುಂಗಭದ್ರೆಯ ಮೇಲೆ ಹಂಪಿಯ ದೇವಾಲಯಗಳಿಗೆ ಹೂವು ಸಾಗುತ್ತಿತ್ತೆಂದು ಜನ ಇಂದಿಗೂ ಹೇಳುತ್ತಾರೆ. ಮೈಸೂರು ಮಲ್ಲಿಗೆ, ಉಡುಪಿ ಮಲ್ಲಿಗೆಗಳ ಸಾಲಿನಲ್ಲಿ ಹಡಗಲಿ ಮಲ್ಲಿಗೆಗೂ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಮದುವೆಯ ಹಾರಕ್ಕೆ ಬೇಕಾದ ಸುಗಂಧರಾಜವನ್ನೂ ನಮ್ಮ ರೈತರು ಬೆಳೆಯುತ್ತಾರೆ. ಆದರೆ ಈ ಸೀಮೆಯ ಹೂವುಗಳ ಚರಿತ್ರೆ ಮಾಲೆಗೆ ಏರಿದ ಹೂವುಗಳ ಚರಿತ್ರೆ ಮಾತ್ರವಲ್ಲ. ಯಾರೂ ಕಟ್ಟದ, ಯಾರೂ ಮುಡಿಯದ, ಕಾಯಿಪಲ್ಯದ ಸಂತೆಗೂ ಬಾರದ ಹೂವುಗಳು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯಂಥ ಒಣ ಸೀಮೆಯ ನೆಲದೊಳಗೆ ಗೆಡ್ಡೆಗಳಾಗಿ ಮಲಗಿರುತ್ತವೆ. ಅವುಗಳಲ್ಲಿ ಒಂದರ ಕತೆಯನ್ನು, ಅದರ ಜೊತೆಗೆ ಇನ್ನೊಂದರ ಕತೆಯನ್ನೂ ಇಲ್ಲಿ ಹೇಳಲು ಹೊರಟಿದ್ದೇನೆ.

ಮೊದಲನೆಯದು ಅಡವಿ ಈರುಳ್ಳಿ. ಉತ್ತರದ ಕಡೆ ಈರುಳ್ಳಿಗೆ ಉಳ್ಳಾಗಡ್ಡಿ ಎನ್ನುವವರ ಬಾಯಲ್ಲಿ ಇದು ಅಡವಿ ಉಳ್ಳಾಗಡ್ಡಿ. ತೆಲುಗರು ಇದನ್ನು ನಕ್ಕವುಲ್ಲಿ ಎಂದೂ ತಮಿಳರು ನರಿವೆಂಗಾಯಂ ಎಂದೂ ಕರೆಯುತ್ತಾರೆ. ಎರಡಕ್ಕೂ ಅರ್ಥ ಒಂದೇ, ನರಿಯ ಈರುಳ್ಳಿ. ಮನುಷ್ಯರದಲ್ಲ ಎಂಬ ಎಚ್ಚರಿಕೆ ಆ ಹೆಸರಿನಲ್ಲೇ ಅಡಗಿದೆ. ಅಗೆದು ತೆಗೆದರೆ ನೋಡಲು ಥೇಟು ಬಿಳಿ ಈರುಳ್ಳಿ. ಎಸಳು ಬಿಡಿಸಿದರೆ ಒಳಗೂ ಹಾಗೆಯೇ ಪದರಪದರ. ಆದರೆ ಲೋಳೆಯಂಥ ಅದರ ರಸ ಮೈಗೆ ತಾಗಿದರೆ ತುರಿಕೆ, ಹೊಟ್ಟೆಗೆ ಹೋದರೆ ವಾಂತಿ, ಹೆಚ್ಚಾದರೆ ಹೃದಯದ ಬಡಿತಕ್ಕೇ ಕುತ್ತು.

ಈ ಗಿಡದ ಪಂಚಾಂಗವೇ ವಿಚಿತ್ರವಾದುದು. ಸುತ್ತಲ ಹುಲ್ಲೆಲ್ಲ ಒಣಗಿ ನೆಲ ಕಾದಿರುವ ಬೇಸಿಗೆಯಲ್ಲಿ, ಒಂದೂ ಎಲೆಯಿಲ್ಲದೆ, ನೆಲದಿಂದ ನೇರವಾಗಿ ಒಂದು ಉದ್ದನೆಯ ಕಡ್ಡಿ ಏಳುತ್ತದೆ. ಅದರಲ್ಲಿ ಅಲ್ಲಲ್ಲಿ ಬಿಡಿಬಿಡಿಯಾಗಿ, ಮಾಸಲು ಬಿಳಿಯ ಸಣ್ಣ ಗಂಟೆಗಳಂಥ ಹೂವುಗಳು ಜೋತುಬೀಳುತ್ತವೆ. ಒಂದೊಂದು ಹೂವಿನ ಆಯುಷ್ಯವೂ ಅತ್ಯಲ್ಪ. ಮುಂಗಾರು ಬಿದ್ದ ಮೇಲೆ ಎಲೆಗಳು ಬರುತ್ತವೆ. ಅವು ಮಳೆಗಾಲದ ಉದ್ದಕ್ಕೂ ಬಿಸಿಲನ್ನು ಹಿಡಿದು ಅನ್ನವಾಗಿಸಿ ಗೆಡ್ಡೆಗೆ ತುಂಬಿಸುತ್ತವೆ. ಮಳೆ ನಿಂತು ನೆಲ ಒಣಗಿದಾಗ ಎಲೆಯೂ ಮಾಯ. ವರ್ಷಕ್ಕೆ ಆರುನೂರು ಮಿಲಿಮೀಟರ್ ಆಸುಪಾಸಿನ ಮಳೆ, ಅದೂ ಬಂದರೆ ಬಂತು ಇಲ್ಲದಿದ್ದರೆ ಇಲ್ಲ ಎನ್ನುವ ಸೀಮೆಯಲ್ಲಿ ಬದುಕಲು ಇದಕ್ಕಿಂತ ಜಾಣ ಉಪಾಯ ಮತ್ತೊಂದಿರಲಾರದು. ಗೆಡ್ಡೆ ಎಂದರೆ ಬರಗಾಲಕ್ಕೆಂದು ಗಿಡ ತುಂಬಿಟ್ಟುಕೊಂಡ ಹಗೇವು.

ಇದೇ ಕುಟುಂಬ, ನೆರೆಯ ಕುಟುಂಬಗಳ ಇತರ ಗಿಡಗಳೂ ನಮ್ಮ ದಖನಿನ ಬಯಲುಗಳಲ್ಲಿವೆ. ಮೊದಲ ಮಳೆಗೆ ತಲೆಯೆತ್ತುವ ಲೆಡೆಬೋರಿಯಾ, ಡಿಪ್ಕಾಡಿ, ಕ್ರೈನಂ, ಪ್ಯಾಂಕ್ರೇಷಿಯಂ ಮೊದಲಾದವು ಪುಸ್ತಕದ ಹೆಸರುಗಳು. ಹೂಬಿಟ್ಟ ನಾಲ್ಕಾರು ದಿನ ಕಣ್ಣಿಗೆ ಬಿದ್ದು ಮತ್ತೆ ಹುಲ್ಲಿನಲ್ಲಿ ಕಳೆದುಹೋಗುವ ಇವನ್ನು ದನ ಕಾಯುವ ಹುಡುಗರು ಬಲ್ಲಷ್ಟು ಚೆನ್ನಾಗಿ ಪದವೀಧರರು ಬಲ್ಲರೆಂದು ಹೇಳಲಾರೆ. ಸಸ್ಯಶಾಸ್ತ್ರವನ್ನು ಒಂದು ವಿಷಯವಾಗಿ ಓದಿ ಬಿ.ಎಸ್ಸಿ. ಪದವಿ ಪಡೆದ ನಮ್ಮಂಥವರಿಗೂ ಕಾಲೇಜಿನ ಪ್ರಯೋಗಶಾಲೆಯಲ್ಲಿ ಸಿಕ್ಕಿದ್ದು ಅಡುಗೆಮನೆಯ ಈರುಳ್ಳಿಯೇ.

ಹೆಸರಿನ ಚರಿತ್ರೆ

ಅಡವಿ ಈರುಳ್ಳಿಗೆ ಶಾಸ್ತ್ರೀಯ ನಾಮಕರಣ ಮಾಡಿದವನು ವಿಲಿಯಂ ರಾಕ್ಸ್‌ಬರ್ಗ್. ಕಂಪನಿ ಸರ್ಕಾರದ ವೈದ್ಯನಾಗಿ ಮದರಾಸು ಪ್ರಾಂತಕ್ಕೆ ಬಂದು, ಆಂಧ್ರದ ಸಾಮರ್ಲಕೋಟದಲ್ಲಿ ಗಿಡಗಳನ್ನು ಅಭ್ಯಾಸ ಮಾಡಿ, 1793ರಲ್ಲಿ ಕಲ್ಕತ್ತೆಯ ಸಸ್ಯೋದ್ಯಾನದ ಮುಖ್ಯಸ್ಥನಾದವನು. ಅವನು ಇದನ್ನು ಸಿಲ್ಲಾ ಇಂಡಿಕಾ ಎಂದ. 1843ರಲ್ಲಿ ಜರ್ಮನಿಯ ಕುಂತ್ ಇದನ್ನು ಅರ್ಜೀನಿಯಾ ಇಂಡಿಕಾ ಎಂದು ಬದಲಿಸಿದ. ಅರ್ಜೀನಿಯಾ ಎಂಬುದು ಆಲ್ಜೀರಿಯದ ಒಂದು ಬುಡಕಟ್ಟಿನ ಹೆಸರಿನಿಂದ ಬಂದ ಮಾತು. 1977ರಲ್ಲಿ ಜೆಸ್ಸಪ್ ಎಂಬ ವಿಜ್ಞಾನಿ ಇದನ್ನು ಡ್ರಿಮಿಯಾ ಕುಲಕ್ಕೆ ಸೇರಿಸಿದ. ಡ್ರಿಮಿಯಾ ಎಂದರೆ ಗ್ರೀಕ್ ಭಾಷೆಯಲ್ಲಿ ಖಾರ, ತೀಕ್ಷ್ಣ ಎಂದು ಅರ್ಥ. ಬಹುಕಾಲ ಸುತ್ತಾಡಿ ಪಂಡಿತರು ಕೊನೆಗೆ ಗಿಡದ ರುಚಿಗೇ ಬಂದು ನಿಂತರೆನ್ನಬಹುದು.

ಹೆಸರಿಗಿಂತ ಮುಖ್ಯವಾದುದು ಅದರ ಹಿಂದಿದ್ದ ಆಸಕ್ತಿ. ಮೆಡಿಟರೇನಿಯನ್ ಸಮುದ್ರದ ತೀರಗಳಲ್ಲಿ ಇದರದೇ ಒಡಹುಟ್ಟಿನಂಥ ಗಿಡವೊಂದಿದೆ. ಸ್ಕ್ವಿಲ್ ಎಂಬ ಆ ಗೆಡ್ಡೆಯನ್ನು ಕೆಮ್ಮಿಗೆ, ಮೈ ಬಾವಿಗೆ, ಎದೆಯ ರೋಗಕ್ಕೆ ಪ್ರಾಚೀನ ಕಾಲದಿಂದ ಬಳಸುತ್ತಿದ್ದರು. ಅದರ ಕೆಂಪು ಬಗೆಯಿಂದ ಇಲಿಪಾಷಾಣವನ್ನು ಮಾಡುತ್ತಿದ್ದರು. ಕ್ರೀಟ್ ದ್ವೀಪದಲ್ಲಿ ಹೊಸ ವರ್ಷಕ್ಕೆ ಈ ಗೆಡ್ಡೆಯನ್ನು ಬಾಗಿಲಿಗೆ ಕಟ್ಟುವ ಪದ್ಧತಿ ಇಂದಿಗೂ ಉಂಟು. ಬೇರು ಕಿತ್ತಿಟ್ಟರೂ ಚಿಗುರುವ ಅದರ ಶಕ್ತಿಯನ್ನು ಅಲ್ಲಿನವರು ಶುಭವೆಂದು ನಂಬುತ್ತಾರೆ. ಭಾರತದಲ್ಲಿ ಆಳುತ್ತಿದ್ದ ಇಂಗ್ಲಿಷರಿಗೆ ಆ ಔಷಧಿಯನ್ನು ಸಮುದ್ರದಾಚೆಯಿಂದ ತರಿಸುವ ಬದಲು ಇಲ್ಲಿನ ಅಡವಿ ಈರುಳ್ಳಿಯೇ ಸಾಕೆನ್ನಿಸಿತು. ಹೀಗೆ ನಮ್ಮ ನರಿಯ ಈರುಳ್ಳಿ ಭಾರತೀಯ ಸ್ಕ್ವಿಲ್ ಎಂಬ ಹೆಸರು ಹೊತ್ತು ಬ್ರಿಟಿಷ್ ಔಷಧಕೋಶದೊಳಕ್ಕೆ ಹೋಯಿತು. ಹೃದಯದ ಮೇಲೆ ಕೆಲಸ ಮಾಡುವ ಬ್ಯೂಫಾಡೈನೊಲೈಡ್ ಎಂಬ ರಾಸಾಯನಿಕಗಳು ಇದರಲ್ಲಿವೆ ಎಂಬುದು ಮುಂದೆ ತಿಳಿಯಿತು.

ಗಮನಿಸಬೇಕಾದ ಸಂಗತಿಯೆಂದರೆ, ಈ ದೀರ್ಘ ಕಾಲದಲ್ಲಿ ಗೆಡ್ಡೆಯನ್ನು ಬಳಸಿದವರು ಬಹುಮಟ್ಟಿಗೆ ಅಗೆದೇ ಬಳಸಿದರು. ಎಲೆ ಕೊಯ್ದರೆ ಗಿಡ ಮತ್ತೆ ಚಿಗುರುತ್ತದೆ, ಹಣ್ಣು ಕಿತ್ತರೆ ಮರ ಉಳಿಯುತ್ತದೆ. ಗೆಡ್ಡೆ ಕಿತ್ತರೆ ಗಿಡವೇ ಹೋಯಿತು. ಬೀಜದಿಂದ ಹುಟ್ಟಿದ ಸಸಿ ಹೂಬಿಡುವ ಗಾತ್ರಕ್ಕೆ ಬರಲು ಕೆಲವು ವರ್ಷಗಳೇ ಬೇಕು. ಬರಗಾಲಗಳಲ್ಲಿ ದಖನಿನ ಜನ ನೆಲ ಅಗೆದು ಸಿಕ್ಕ ಗೆಡ್ಡೆಗೆಣಸು ತಿಂದು ಜೀವ ಹಿಡಿದವರು. 1876ರಿಂದ 1878ರವರೆಗಿನ ಧಾತು ಈಶ್ವರ ಬರದಲ್ಲಿ ಬಳ್ಳಾರಿ ಜಿಲ್ಲೆ ಪಟ್ಟ ಪಾಡು ಚರಿತ್ರೆಯಲ್ಲಿ ದಾಖಲಾಗಿದೆ. ಅಂಥ ದಿನಗಳಲ್ಲೂ ಅಡವಿ ಈರುಳ್ಳಿಯನ್ನು ಕಾಪಾಡಿದ್ದು ಅದರ ಕಹಿಯೇ ಇರಬೇಕು. ಸಿಹಿಯಾಗಿದ್ದರೆ ಎಂದೋ ಮುಗಿದುಹೋಗುತ್ತಿತ್ತು.

ಬಂಜರು ಎಂಬ ಮಾತು

ಹರಪನಹಳ್ಳಿಯ ರಾಜಕೀಯ ಚರಿತ್ರೆ ಒಡೆತನ ಬದಲಾದ ಚರಿತ್ರೆ. ವಿಜಯನಗರ ಬಿದ್ದ ಮೇಲೆ ದಾದಯ್ಯನ ವಂಶದ ಪಾಳೆಯಗಾರರು ಇದನ್ನು ಆಳಿದರು. ಹೈದರಾಲಿ, ಟಿಪ್ಪುವಿನ ಕೈಕೆಳಗೆ ಬಂದು, 1799ರ ನಂತರ ನಿಜಾಮನ ಪಾಲಾಗಿ, 1800ರಲ್ಲಿ ನಿಜಾಮನು ಬಿಟ್ಟುಕೊಟ್ಟ ಜಿಲ್ಲೆಗಳೊಂದಿಗೆ ಕಂಪನಿ ಸರ್ಕಾರಕ್ಕೆ ಸೇರಿತು. 1953ರ ಅಕ್ಟೋಬರ್ 1ರಂದು ಮದರಾಸಿನಿಂದ ಮೈಸೂರಿಗೆ ಬಂತು. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, ಮತ್ತೆ ಬಳ್ಳಾರಿಗೆ ಮರಳಿ, 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ಕಚೇರಿಯ ಫಲಕಗಳು ಇಷ್ಟು ಬಾರಿ ಬದಲಾದರೂ ಒಂದು ಪದ ಮಾತ್ರ ಕಂದಾಯದ ಕಡತಗಳಲ್ಲಿ ಕದಲದೆ ನಿಂತಿದೆ. ಅದು ‘ಬಂಜರು’.

ಕಂಪನಿಯ ಕಲೆಕ್ಟರ್ ಥಾಮಸ್ ಮನ್ರೊ ಈ ಸೀಮೆಯಲ್ಲಿ ಹೊಲಗಳನ್ನು ಅಳೆಸಿ ರೈತವಾರಿ ಕಂದಾಯವನ್ನು ಗೊತ್ತುಪಡಿಸಿದ. ಅಳತೆಯ ಕಣ್ಣಿಗೆ ನೆಲದಲ್ಲಿ ಎರಡೇ ಬಗೆ: ಕಂದಾಯ ಕೊಡುವುದು, ಕೊಡದಿರುವುದು. ಕೊಡದಿರುವ ಕಲ್ಲುಗುಡ್ಡ, ಕುರುಚಲು, ಹುಲ್ಲುಬಯಲು ಎಲ್ಲವೂ ಬಂಜರು. ದನಕ್ಕೆ ಮೇವು, ಕುರಿಗೆ ಹುಲ್ಲು, ನಾಟಿ ವೈದ್ಯನಿಗೆ ಬೇರು ಕೊಡುತ್ತಿದ್ದ ನೆಲವನ್ನು ಬರಡು ಎಂದು ಬರೆದಿಟ್ಟದ್ದು ಹೀಗೆ. ಉಚ್ಚಂಗಿದುರ್ಗದಂಥ ಕಲ್ಲುಗುಡ್ಡಗಳ ಇಳಿಜಾರು, ಕೂಡ್ಲಿಗಿಯ ಕುರುಚಲು ಕಾಡು, ಊರೂರಿನ ಗೋಮಾಳ, ಇವೇ ಗೆಡ್ಡೆಗಿಡಗಳ ತವರುಮನೆ. ನೇಗಿಲು ಬಿದ್ದಲ್ಲಿ ಅವು ಉಳಿಯಲಾರವು.

ಸ್ವಾತಂತ್ರ್ಯಾನಂತರ ಈ ಮಾತು ಇನ್ನಷ್ಟು ಬಲಗೊಂಡಿತು. 1980ರ ದಶಕದಲ್ಲಿ ಸಾಮಾಜಿಕ ಅರಣ್ಯ ಯೋಜನೆಯಡಿ ರಾಜ್ಯದ ಒಣ ನೆಲಗಳಿಗೆ ನೀಲಗಿರಿ ಬಂತು. 1985ರಲ್ಲಿ ಕೇಂದ್ರ ಸರ್ಕಾರ ಬಂಜರು ಭೂಮಿ ಅಭಿವೃದ್ಧಿಗೆಂದೇ ಒಂದು ಮಂಡಳಿಯನ್ನು ಸ್ಥಾಪಿಸಿತು. ಉದ್ದೇಶ ಒಳ್ಳೆಯದೇ. ಹಸಿರಿಲ್ಲದಲ್ಲಿ ಹಸಿರು ತರಬೇಕು ಎಂಬುದು. ಆದರೆ ವರ್ಷದಲ್ಲಿ ಎಂಟು ತಿಂಗಳು ಕಂದುಬಣ್ಣದಲ್ಲಿರುವುದೇ ಹುಲ್ಲುಗಾವಲಿನ ಸಹಜ ಧರ್ಮ ಎಂಬುದನ್ನು ಮರೆತು, ಮರಗಳಿಲ್ಲದ ಕಡೆ ಏನೂ ಇಲ್ಲವೆಂದು ತಿಳಿದು ಗುಂಡಿ ತೋಡಲಾಯಿತು. ಈಚೆಗೆ ಗಾಳಿಯಂತ್ರ, ಸೌರಫಲಕ, ಬಡಾವಣೆಗಳಿಗೆ ಜಾಗ ಬೇಕಾದಾಗಲೂ ಮೊದಲು ಬೆರಳು ಹೋಗುವುದು ಇದೇ ನೆಲದ ಕಡೆಗೆ. ಬೇಸಿಗೆಯಲ್ಲಿ ಸಮೀಕ್ಷೆಗೆ ಹೋದವರಿಗೆ ಅಲ್ಲಿ ಕಾಣುವುದು ಒಣ ಹುಲ್ಲು. ಗೆಡ್ಡೆ ನೆಲದೊಳಗಿದೆ.

ಗೌರಿ ಹೂವಿನ ಪಾಠ

ಎರಡನೆಯ ಗಿಡ ಎಲ್ಲರ ಕಣ್ಣಿಗೂ ಬೀಳುವಂಥದು. ಭಾದ್ರಪದದ ಹೊತ್ತಿಗೆ ಬೇಲಿಸಾಲಿನಲ್ಲಿ ಬೆಂಕಿ ಹೊತ್ತಿದಂತೆ ಅರಳುವ ಗೌರಿ ಹೂ. ಅಗ್ನಿಶಿಖೆ ಎಂದೂ ಹೆಸರುಂಟು. ಎಲೆಯ ತುದಿಯೇ ಬಳ್ಳಿಯ ಕೈಯಾಗಿ ಪಕ್ಕದ ಗಿಡವನ್ನು ಹಿಡಿದು ಏರುತ್ತದೆ. ಆರು ದಳಗಳು ಹಸಿರು, ಹಳದಿ, ಕೆಂಪು ಎಂದು ಬಣ್ಣ ಬದಲಿಸುತ್ತ ಹಿಂದಕ್ಕೆ ಬಾಗುತ್ತವೆ. ನೆಲದೊಳಗಿನ ಗೆಡ್ಡೆ ನೇಗಿಲಿನ ಆಕಾರದ್ದಾದ್ದರಿಂದ ಸಂಸ್ಕೃತದಲ್ಲಿ ಲಾಂಗಲಿ. ಇದು ಈರುಳ್ಳಿಯಂತೆ ಎಸಳಿನ ಗೆಡ್ಡೆಯಲ್ಲ, ಇಡಿಯಾದ ಗೆಡ್ಡೆ. ಡಚ್ಚರ ಅಧಿಕಾರಿ ವ್ಯಾನ್ ರೀಡ್ ಮಲಬಾರಿನಲ್ಲಿ ಸಿದ್ಧಪಡಿಸಿದ ‘ಹೋರ್ಟಸ್ ಮಲಬಾರಿಕಸ್’ ಗ್ರಂಥದಲ್ಲಿ ಇದರ ಚಿತ್ರವಿದೆ. ಲಿನ್ನೇಯಸ್ 1753ರಲ್ಲಿ ಇದಕ್ಕೆ ಗ್ಲೋರಿಯೋಸಾ ಸುಪರ್ಬಾ ಎಂಬ ವೈಭವದ ಹೆಸರಿಟ್ಟ. ತಮಿಳುನಾಡಿಗೆ ಇದು ರಾಜ್ಯಪುಷ್ಪ, ದೂರದ ಜಿಂಬಾಬ್ವೆಗೆ ರಾಷ್ಟ್ರಪುಷ್ಪ.

ಇದೂ ವಿಷದ ಗಿಡವೇ. ಗೆಡ್ಡೆಯನ್ನು ಗೆಣಸೆಂದು ತಿಂದರೆ ಪ್ರಾಣಾಪಾಯ. ವಿಷಕ್ಕೆ ಕಾರಣ ಕಾಲ್ಚಿಸೀನ್. ಕೀಲುವಾತದ ಒಂದು ಬಗೆಗೆ ಔಷಧಿಯಾಗಿರುವ ಈ ವಸ್ತುವನ್ನು 1820ರಲ್ಲಿ ಫ್ರಾನ್ಸಿನ ಪೆಲ್ಲೆಟಿಯೆ ಮತ್ತು ಕವಾಂತು ಯೂರೋಪಿನ ಮತ್ತೊಂದು ಗಿಡದಿಂದ ಬೇರ್ಪಡಿಸಿದ್ದರು. 1937ರಲ್ಲಿ ಬ್ಲೇಕ್ಸ್‌ಲಿ ಮತ್ತು ಏವರಿ ಎಂಬ ವಿಜ್ಞಾನಿಗಳು ಕಾಲ್ಚಿಸೀನ್ ಸಸ್ಯಕೋಶದ ವರ್ಣತಂತುಗಳನ್ನು ಇಮ್ಮಡಿಗೊಳಿಸಬಲ್ಲದೆಂದು ತೋರಿಸಿದ ಮೇಲೆ ಸಸ್ಯತಳಿ ಶಾಸ್ತ್ರದಲ್ಲೇ ಹೊಸ ಅಧ್ಯಾಯ ತೆರೆಯಿತು. ಬೇಡಿಕೆ ಹೆಚ್ಚಿತು. ತಮಿಳುನಾಡಿನ ದಿಂಡಿಗಲ್, ಕರೂರು, ಧಾರಾಪುರದ ಕಡೆ ರೈತರು ಗೌರಿ ಹೂವನ್ನು ಚಪ್ಪರಕ್ಕೆ ಹಬ್ಬಿಸಿ, ಕೈಯಿಂದಲೇ ಪರಾಗಸ್ಪರ್ಶ ಮಾಡಿ ಬೀಜಕ್ಕಾಗಿ ಬೆಳೆಯತೊಡಗಿದರು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಬೆಳೆಯಾದ ಕೂಡಲೇ ಕಾಡಿನ ಗಿಡ ಉಳಿಯಿತೆಂದು ಅರ್ಥವಲ್ಲ. ಹೊಲಕ್ಕೆ ನೆಡುವ ಗೆಡ್ಡೆಗಳನ್ನು ಕಾಡಿನಿಂದಲೇ ಅಗೆದು ತಂದರೆ, ಬೇಸಾಯವೇ ಕಾಡಿಗೆ ಹೊಸ ಹೊರೆಯಾಗುತ್ತದೆ. ಗೌರಿ ಹೂವಿನ ವಿಷಯದಲ್ಲಿ ಆದದ್ದು ಇದೇ. ನಾಟಿಗೆ ಬೇಕಾದ ಗೆಡ್ಡೆಯನ್ನು ಕಾಡಿಗೆ ಕೈಹಾಕದೆ ಎಲ್ಲಿಂದ ತರುವುದು? ಜೈವಿಕ ತಂತ್ರಜ್ಞಾನ ಈ ಕತೆಯೊಳಗೆ ಬರುವುದು ಈ ಪ್ರಶ್ನೆಗೆ ಉತ್ತರವಾಗಿ.

ಶೀಸೆಯೊಳಗಿನ ತೋಟ

ಅಂಗಾಂಶ ಕೃಷಿಯ ಮೂಲ ಕಲ್ಪನೆ 1902ರಷ್ಟು ಹಳೆಯದು. ಗಿಡದ ಒಂದೇ ಒಂದು ಜೀವಕೋಶಕ್ಕೆ ತಕ್ಕ ಆಹಾರ ಕೊಟ್ಟರೆ ಅದು ಇಡೀ ಗಿಡವಾಗಬಲ್ಲದೆಂದು ಹಾಬರ್‌ಲಾಂಟ್ ಎಂಬ ಸಸ್ಯಶಾಸ್ತ್ರಜ್ಞ ಆ ವರ್ಷ ವಾದಿಸಿದ. ಮಾಡಿ ತೋರಿಸಲು ಅವನಿಂದಾಗಲಿಲ್ಲ. 1930ರ ದಶಕದಲ್ಲಿ ಅಮೆರಿಕದ ವೈಟ್, ಫ್ರಾನ್ಸಿನ ಗೋತೆರೆ ಮತ್ತು ನೊಬೆಕೂರ್ ಸಸ್ಯದ ತುಣುಕುಗಳನ್ನು ಗಾಜಿನಲ್ಲಿ ಬೆಳೆಸಿದರು. 1957ರಲ್ಲಿ ಸ್ಕೂಗ್ ಮತ್ತು ಮಿಲ್ಲರ್ ಬೀಗದ ಕೈಯನ್ನು ಕಂಡುಹಿಡಿದರು. ಆಕ್ಸಿನ್, ಸೈಟೊಕೈನಿನ್ ಎಂಬ ಎರಡು ಬಗೆಯ ಹಾರ್ಮೋನುಗಳಲ್ಲಿ ಒಂದು ಹೆಚ್ಚಾದರೆ ಬೇರು, ಇನ್ನೊಂದು ಹೆಚ್ಚಾದರೆ ಚಿಗುರು ಎಂಬುದೇ ಆ ಸೂತ್ರ. 1962ರಲ್ಲಿ ಮುರಾಶಿಗೆ ಮತ್ತು ಸ್ಕೂಗ್ ಸಿದ್ಧಪಡಿಸಿದ ಲವಣಗಳ ಮಿಶ್ರಣ ಇಂದಿಗೂ ಜಗತ್ತಿನ ಪ್ರಯೋಗಶಾಲೆಗಳ ನಿತ್ಯದ ಅಡುಗೆ. ಭಾರತವೂ ಹಿಂದೆ ಬೀಳಲಿಲ್ಲ. ದೆಹಲಿ ವಿಶ್ವವಿದ್ಯಾನಿಲಯದಲ್ಲಿ ಸಿಪ್ರಾ ಗುಹಾ ಮತ್ತು ಸತೀಶ್ ಮಾಹೇಶ್ವರಿ 1964ರಲ್ಲಿ ದತ್ತೂರದ ಪರಾಗಕೋಶದಿಂದಲೇ ಭ್ರೂಣಗಳನ್ನು ಪಡೆದು ಜಗತ್ತಿನ ಗಮನ ಸೆಳೆದರು.

ಎಸಳಿನ ಗೆಡ್ಡೆಗಳ ವಿಷಯಕ್ಕೆ ಬಂದರೆ, 1957ರಲ್ಲೇ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಶೀಲಾ ರಾಬ್ ಎಂಬಾಕೆ ಲಿಲ್ಲಿ ಗೆಡ್ಡೆಯ ಎಸಳಿನ ತುಣುಕುಗಳನ್ನು ಗಾಜಿನಲ್ಲಿ ಬೆಳೆಸಿದ ವರದಿ ಬಂತು. 1970ರ ದಶಕದಲ್ಲಿ ಇಂಗ್ಲೆಂಡಿನ ಜಾನ್ ಇನ್ಸ್ ಸಂಸ್ಥೆಯ ಹಸ್ಸಿ ಅನೇಕ ಗೆಡ್ಡೆಹೂಗಳಿಗೆ ಈ ಕ್ರಮವನ್ನು ವಿಸ್ತರಿಸಿದ. ಕೆಲಸ ಹೇಳುವಷ್ಟು ಕಠಿಣವಲ್ಲ, ಮಾಡುವಷ್ಟು ಸುಲಭವೂ ಅಲ್ಲ. ಗೆಡ್ಡೆಯ ಹೊರಪದರಗಳನ್ನು ತೆಗೆದು, ಒಳಗಿನ ಎಸಳನ್ನು ಬುಡದ ತಟ್ಟೆಯ ಚೂರಿನೊಂದಿಗೆ ಕತ್ತರಿಸಬೇಕು. ಕ್ರಿಮಿನಾಶಕದಲ್ಲಿ ತೊಳೆಯಬೇಕು. ಸಕ್ಕರೆ, ಲವಣ, ಹಾರ್ಮೋನು ಬೆರೆಸಿ ಅಗರ್‌ನಿಂದ ಗಟ್ಟಿಮಾಡಿದ, 121 ಡಿಗ್ರಿ ಉಷ್ಣದಲ್ಲಿ ಬೇಯಿಸಿ ಶುದ್ಧಗೊಳಿಸಿದ ಆಹಾರದ ಮೇಲೆ ಇಡಬೇಕು. ಸುಮಾರು 25 ಡಿಗ್ರಿಯ ಕೋಣೆಯಲ್ಲಿ, ಗೊತ್ತುಮಾಡಿದ ಗಂಟೆಗಳ ಬೆಳಕಿನಲ್ಲಿ ಕಾಯಬೇಕು. ಕೆಲವು ವಾರಗಳಲ್ಲಿ ಎಸಳಿನ ಬುಡದಲ್ಲಿ ಅಕ್ಕಿಕಾಳಿನಂಥ ಮರಿಗೆಡ್ಡೆಗಳು ಮೂಡುತ್ತವೆ. ಅವನ್ನು ಮತ್ತೆ ಸೀಳಿ ಮತ್ತೆ ಬೆಳೆಸಬಹುದು. ಒಂದು ಸುತ್ತಿಗೆ ಮೂರರಷ್ಟಾದರೂ, ಹತ್ತು ತುಣುಕು ನಾಲ್ಕು ಸುತ್ತಿನಲ್ಲಿ ಎಂಟುನೂರ ಹತ್ತಾಗುತ್ತವೆ ಎಂಬುದು ಬರಿಯ ಲೆಕ್ಕ.

ಮಣ್ಣಿನೊಳಗಿನಿಂದ ಬಂದ ಗೆಡ್ಡೆಯ ಪದರಗಳ ನಡುವೆ ಅಡಗಿರುವ ಬೂಷ್ಟು ಮತ್ತು ಸೂಕ್ಷ್ಮಜೀವಿಗಳು ಈ ಕೆಲಸದ ದೊಡ್ಡ ಶತ್ರು. ಎರಡನೆಯ ಶತ್ರು ಗೆಡ್ಡೆಯ ನಿದ್ದೆ. ಅದು ಮಲಗಿರುವ ಕಾಲದಲ್ಲಿ ಎಬ್ಬಿಸಹೋದರೆ ಏಳುವುದಿಲ್ಲ. ಮೂರನೆಯದು ಶೀಸೆಯ ಸುಖದಲ್ಲಿ ಬೆಳೆದ ಮರಿಯನ್ನು ಬಿಸಿಲಿಗೆ ಒಗ್ಗಿಸುವ ಹಂತ. ಸಾವು ಹೆಚ್ಚಾಗುವುದು ಇಲ್ಲಿಯೇ.

ಇಷ್ಟೆಲ್ಲ ತಿಳಿದ ಮೇಲೆ 1984ರ ಸಂಗತಿಯ ಬೆಲೆ ಅರ್ಥವಾಗುತ್ತದೆ. ಆ ವರ್ಷ ಕಲ್ಕತ್ತೆಯ ಸಸ್ಯಶಾಸ್ತ್ರಜ್ಞರಾದ ಸುಮಿತಾ ಝಾ, ಜಿ. ಸಿ. ಮಿತ್ರ ಮತ್ತು ಸುಮಿತ್ರಾ ಸೇನ್ ಅವರು ಅಡವಿ ಈರುಳ್ಳಿಯ ಎಸಳಿನಿಂದ ಗಾಜಿನಲ್ಲಿ ಹೊಸ ಗಿಡಗಳನ್ನು ಪಡೆದ ವಿವರವನ್ನು ಪ್ರಕಟಿಸಿದರು. ರಾಕ್ಸ್‌ಬರ್ಗ್ ತೋಟ ನೋಡಿಕೊಂಡಿದ್ದ ನಗರದಲ್ಲೇ ಅವನು ಹೆಸರಿಟ್ಟ ಗಿಡಕ್ಕೆ ಎರಡನೆಯ ಹುಟ್ಟು ಸಿಕ್ಕಿತು. 1989ರಲ್ಲಿ ಸೋಮಾನಿ, ಜಾನ್ ಮತ್ತು ತೆಂಗಣೆ ಗೌರಿ ಹೂವಿನ ಗಿಡವನ್ನೂ ಗೆಡ್ಡೆಯನ್ನೂ ಗಾಜಿನಲ್ಲಿ ಬೆಳೆಸಿದ್ದನ್ನು ವರದಿ ಮಾಡಿದರು. ಅದೇ ವರ್ಷ ದಕ್ಷಿಣ ಆಫ್ರಿಕದ ನಟಾಲ್‌ನಿಂದ ಫಿನ್ನಿ ಮತ್ತು ವ್ಯಾನ್ ಸ್ಟಾಡೆನ್ ಅವರ ಇಂಥದೇ ವರದಿ ಬಂತು. 1986ರಲ್ಲಿ ಕೇಂದ್ರದಲ್ಲಿ ಜೈವಿಕ ತಂತ್ರಜ್ಞಾನ ಇಲಾಖೆ ಹುಟ್ಟಿ, ದೆಹಲಿಯಲ್ಲಿ ಅಂಗಾಂಶಗಳ ರಾಷ್ಟ್ರೀಯ ಭಂಡಾರವೂ ಆರಂಭವಾಗಿತ್ತು. ದಾರಿ ತೆರೆದಂತೆ ಕಂಡಿತು.

ಶೀಸೆ ಬಯಲಿಗೆ ಮರಳಲಿಲ್ಲವೇಕೆ?

ಆ ದಾರಿಯಲ್ಲಿ ಬಾಳೆ ಬಹುದೂರ ನಡೆಯಿತು. ಇಂದು ಅಂಗಾಂಶ ಬಾಳೆಯ ಸಸಿ ಎಂದರೆ ಕರ್ನಾಟಕದ ರೈತನಿಗೆ ವಿವರಿಸಬೇಕಾಗಿಲ್ಲ. ಬೆಂಗಳೂರಿನಲ್ಲಿ ಅಲಂಕಾರದ ಹೂಗಿಡಗಳನ್ನು ಶೀಸೆಗಳಲ್ಲಿ ಬೆಳೆಸುವ ಉದ್ಯಮವೇ ಎದ್ದಿತು. ಮೆಕ್ಸಿಕೊದಿಂದ ಬಂದ ಸುಗಂಧರಾಜಕ್ಕೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನ ಸಂಸ್ಥೆ ಶೃಂಗಾರ್, ಸುವಾಸಿನಿ, ಪ್ರಜ್ವಲ್, ವೈಭವ್ ಎಂಬ ಸುಧಾರಿತ ತಳಿಗಳನ್ನು ಕೊಟ್ಟಿತು. ಅದು ರೈತನಿಗೆ ಆದ ನಿಜವಾದ ಉಪಕಾರ. ಆದರೆ ಅಡವಿ ಈರುಳ್ಳಿಗೆ ಕೊಳ್ಳುವವನಿಲ್ಲ, ಆದ್ದರಿಂದ ಶೀಸೆಯಿಂದ ಹೊರಗೆ ಬರುವ ಖರ್ಚು ಕೊಡುವವನೂ ಇಲ್ಲ. ಸಂಶೋಧನೆ ಪತ್ರಿಕೆಯ ಪುಟದಲ್ಲಿ ನಿಂತಿತು.

ಹಣವೊಂದೇ ಕಾರಣವಲ್ಲ. ಇನ್ನೊಂದು ಕಾರಣ ಗಿಡದ ಒಳಗಿದೆ. ಅಣ್ಣಾಮಲೈ ವಿಶ್ವವಿದ್ಯಾನಿಲಯದ ರಾಘವನ್ ಮತ್ತು ವೆಂಕಟಸುಬ್ಬನ್ ದಕ್ಷಿಣ ಭಾರತದ ಈ ವರ್ಗದ ಗೆಡ್ಡೆಗಿಡಗಳ ವರ್ಣತಂತುಗಳ ಅಧ್ಯಯನವನ್ನು 1940ರಲ್ಲೇ ಪ್ರಕಟಿಸಿದ್ದರು. ಆಮೇಲೆ ಸ್ಪಷ್ಟವಾದ ಸಂಗತಿಯೆಂದರೆ ಅಡವಿ ಈರುಳ್ಳಿ ಹೊರಗೆ ಒಂದೇ ತರಹ ಕಂಡರೂ ಒಳಗೆ ಹಲವು ತೆರ. ಹತ್ತು ವರ್ಣತಂತುಗಳ ಮೂಲ ಜೊತೆ ಕೆಲವು ಕಡೆ ಎರಡು ಪಟ್ಟು, ಕೆಲವು ಕಡೆ ಮೂರು ಪಟ್ಟು, ಇನ್ನು ಕೆಲವು ಕಡೆ ನಾಲ್ಕು ಪಟ್ಟು. ಮೂರು ಪಟ್ಟಿನ ಗಿಡಗಳಲ್ಲಿ ಬೀಜ ಕಟ್ಟುವುದು ಕಷ್ಟ. ಅವು ಗೆಡ್ಡೆ ಒಡೆದೇ ಹೆಚ್ಚಬೇಕು. ಔಷಧಿಯ ಅಂಶವೂ ಒಂದೊಂದು ನೆಲೆಯಲ್ಲಿ ಒಂದೊಂದು ಪ್ರಮಾಣದಲ್ಲಿರುತ್ತದೆ. ಎಂದ ಮೇಲೆ ಒಂದು ಗುಡ್ಡದ ಗೆಡ್ಡೆಯಿಂದ ಲಕ್ಷ ಮರಿಗಳನ್ನು ಮಾಡಿದರೆ ಆದದ್ದು ಒಂದೇ ಗಿಡದ ಲಕ್ಷ ಪ್ರತಿ. ಪಕ್ಕದ ಗುಡ್ಡದ ಗೆಡ್ಡೆ ಅಳಿದರೆ ಆ ಲಕ್ಷವೂ ಅದಕ್ಕೆ ಬದಲಿಯಾಗದು. ಒಂದೇ ಪುಸ್ತಕವನ್ನು ಸಾವಿರ ಸಲ ಅಚ್ಚುಹಾಕಿ ಗ್ರಂಥಾಲಯ ಕಟ್ಟಿದೆವೆಂದರೆ ಒಪ್ಪುವವರಾರು?

ಆದುದರಿಂದ ಪ್ರಯೋಗಶಾಲೆಯ ಕೆಲಸ ಎರಡು ಬಗೆಯದು ಎಂದು ತಿಳಿಯಬೇಕು. ಬೇಡಿಕೆ ಇರುವ ಗೌರಿ ಹೂವಿನಂಥ ಗಿಡಕ್ಕೆ ಕಾಡನ್ನು ಮುಟ್ಟದೆ ನಾಟಿಗೆಡ್ಡೆ ಒದಗಿಸುವುದು ಒಂದು. ಬೇಡಿಕೆ ಇಲ್ಲದ ಗಿಡಕ್ಕೆ, ಬೇರೆ ಬೇರೆ ನೆಲೆಗಳಿಂದ ತಂದ ತುಣುಕುಗಳನ್ನು ನಿಧಾನವಾಗಿ ಬೆಳೆಯುವ ಸ್ಥಿತಿಯಲ್ಲೋ, ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲೋ ಕಾಪಿಡುವುದು ಇನ್ನೊಂದು. ಎರಡೂ ಅಪಾಯಕಾಲದ ಬೀಜದ ಬುಟ್ಟಿಗಳು. ಹೊಲವೇ ಇಲ್ಲದವನಿಗೆ ಬೀಜದ ಬುಟ್ಟಿಯಿಂದ ಏನು ಪ್ರಯೋಜನ?

ಹೊರಗಿನ ಒಂದು ಉದಾಹರಣೆ ಇಲ್ಲಿ ಉಪಯುಕ್ತ. ಟರ್ಕಿಯ ಬೆಟ್ಟಗಳಿಂದ ಸ್ನೋಡ್ರಾಪ್ ಎಂಬ ಬಿಳಿ ಹೂವಿನ ಗೆಡ್ಡೆಗಳನ್ನು ಅಗೆದು ಯೂರೋಪಿನ ತೋಟಗಳಿಗೆ ಮಾರುತ್ತಿದ್ದರು. 1990ರಲ್ಲಿ ಆ ಗಿಡ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಗೆ ಬಂತು. ಅದೇ ದಶಕದಲ್ಲಿ ಅಲ್ಲಿನ ಹಳ್ಳಿಗರೇ ತಮ್ಮ ಹೊಲಗಳಲ್ಲಿ ಗೆಡ್ಡೆ ಬೆಳೆಸಿ ಮಾರುವ ಯೋಜನೆ ನಡೆಯಿತು. ಅಗೆಯುತ್ತಿದ್ದ ಕೈಗಳೇ ನೆಡುವ ಕೈಗಳಾದವು. ಅದಕ್ಕೆ ದೊಡ್ಡ ಯಂತ್ರಗಳೇನೂ ಬೇಕಾಗಲಿಲ್ಲ.

ನಮ್ಮಲ್ಲಿಯೂ ಬೇಕಾಗದು. ಗಾಜಿನ ಶೀಸೆ ಇಲ್ಲದೆಯೂ ಗೆಡ್ಡೆಯನ್ನು ಹೆಚ್ಚಿಸುವ ಹಳೆಯ ಕ್ರಮವೊಂದಿದೆ. ಹರಿತವಾದ ಚಾಕುವಿನಿಂದ ಗೆಡ್ಡೆಯನ್ನು ಉದ್ದುದ್ದಕ್ಕೆ ಸೀಳಿ, ಎರಡೆರಡು ಎಸಳಿಗೆ ಬುಡದ ತಟ್ಟೆಯ ಚೂರು ಅಂಟಿರುವಂತೆ ಬಿಡಿಸಿ, ತೇವದ ಮರಳಿನಲ್ಲಿ ಇಟ್ಟರೆ ಎಸಳುಗಳ ನಡುವೆ ಮರಿ ಹುಟ್ಟುತ್ತದೆ. ಈರುಳ್ಳಿ ಗೆಡ್ಡೆ ನೆಟ್ಟು ಹೂ ತರಿಸಿ ಬೀಜ ಹಿಡಿಯುವುದನ್ನು ಬಲ್ಲ ನಮ್ಮ ರೈತನಿಗೆ ಈ ವಿದ್ಯೆ ತಲೆನೋವಲ್ಲ. ರಸ ಮೈಗೆ ತಾಗದಂತೆ ಕೈಗವಸು ಹಾಕಿಕೊಳ್ಳುವುದು, ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳುವುದು ಇವಿಷ್ಟು ಎಚ್ಚರ ಸಾಕು. ಪ್ರಯೋಗಶಾಲೆ ಇರುವ ಕಾಲೇಜು ಶೀಸೆಯ ಕೆಲಸ ಮಾಡಲಿ, ಶಾಲೆಯ ತೋಟ ಚಾಕುವಿನ ಕೆಲಸ ಮಾಡಲಿ.

ಇನ್ನು ನೆಲದ ಮಾತು. ಬೆಂಗಳೂರಿನಲ್ಲಿ 1993ರಲ್ಲಿ ಹುಟ್ಟಿದ ಸ್ಥಳೀಯ ಆರೋಗ್ಯ ಪರಂಪರೆಗಳ ಪುನಶ್ಚೇತನ ಪ್ರತಿಷ್ಠಾನ, ಅರಣ್ಯ ಇಲಾಖೆಯ ಜೊತೆಗೂಡಿ ರಾಜ್ಯದಲ್ಲಿ ಔಷಧಿ ಸಸ್ಯಗಳ ಸಂರಕ್ಷಣಾ ತಾಣಗಳನ್ನು ಗುರುತಿಸಿತು. ಅವುಗಳಲ್ಲೊಂದು ಕೂಡ್ಲಿಗಿಯ ನೆರೆಯ ಸಂಡೂರಿನಲ್ಲಿದೆ. ಕೂಡ್ಲಿಗಿಯ ಗುಡೇಕೋಟೆ 2013ರಲ್ಲಿ ಕರಡಿಧಾಮವಾಯಿತು. ಹರಪನಹಳ್ಳಿಗೆ ಅಂಟಿದ ಜಗಳೂರಿನ ರಂಗಯ್ಯನದುರ್ಗ 2011ರಲ್ಲಿ ಕೊಂಡುಕುರಿಯ ಧಾಮವಾಯಿತು. ಹೊಳೆಯಾಚೆಯ ಕಪ್ಪತಗುಡ್ಡ 2019ರಲ್ಲಿ ವನ್ಯಧಾಮವಾಯಿತು. ಕರಡಿಗೂ ಕೊಂಡುಕುರಿಗೂ ಮೀಸಲಾದ ಈ ಕುರುಚಲು ನೆಲದಲ್ಲಿ ಗೆಡ್ಡೆಗಿಡಗಳಿಗೂ ಆಸರೆಯುಂಟು. ಉಳಿದದ್ದು ಊರ ಗೋಮಾಳ. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಗೂ ಒಂದು ಸಮಿತಿ, ಒಂದು ಜನತಾ ದಾಖಲೆ ಪುಸ್ತಕ ಇರಬೇಕು. ಆ ಪುಸ್ತಕದಲ್ಲಿ ಮಾವು, ಬೇವು, ಹುಣಿಸೆಗಳ ಜೊತೆಗೆ ಬೇಸಿಗೆಯಲ್ಲಿ ಎಲೆಯಿಲ್ಲದೆ ಹೂಬಿಡುವ ಗಿಡದ ಹೆಸರೂ, ಅದು ಯಾವ ಸರ್ವೆ ನಂಬರಿನ ಯಾವ ಮೂಲೆಯಲ್ಲಿದೆ ಎಂಬ ವಿವರವೂ ಬರೆಯಲ್ಪಟ್ಟರೆ, ಬಂಜರು ಎಂಬ ಇನ್ನೂರು ವರ್ಷಗಳ ಹಳೆಯ ಮಾತಿಗೆ ಮೊದಲ ಬಾರಿ ಲಿಖಿತ ಉತ್ತರ ಕೊಟ್ಟಂತಾಗುತ್ತದೆ. ಬರೆಸಬೇಕಾದವರು ಕುರಿಗಾಹಿಗಳು, ನಾಟಿ ವೈದ್ಯರು, ಹೊಲಗೆಲಸದ ಹೆಣ್ಣುಮಕ್ಕಳು. ಬರೆದುಕೊಳ್ಳಬೇಕಾದವರು ಓದಿದವರು.

ದೂರದರ್ಶನಕ್ಕೆ ಒಂದು ದೌರ್ಬಲ್ಯವಿದೆ. ಅದು ಹುಲಿಯನ್ನು, ಜಲಪಾತವನ್ನು ಚೆನ್ನಾಗಿ ತೋರಿಸುತ್ತದೆ. ನೆಲದೊಳಗೆ ತಿಂಗಳುಗಟ್ಟಲೆ ಸುಮ್ಮನಿರುವುದನ್ನು ತೋರಿಸಲು ಅದಕ್ಕೆ ಬಾರದು. ಆದ್ದರಿಂದ ಚರ್ಚೆಯಲ್ಲಿ ಭಾಗವಹಿಸಿದ ವಿದ್ವಾಂಸರ ಮಾತು ಕೇಳಿದ ವೀಕ್ಷಕರು ತಮ್ಮ ಊರಿನ ಬಯಲಿಗೊಮ್ಮೆ ತಾವೇ ಹೋಗಿ ನೋಡಲೆಂಬುದು ನನ್ನ ಬಿನ್ನಹ. ಬರುವ ಬೇಸಿಗೆಯಲ್ಲಿ, ಮೊದಲ ಮಳೆಗೆ ಮುಂಚೆ. ಕಂಡ ಗೆಡ್ಡೆಯನ್ನು ಅಗೆಯುವುದು ಬೇಡ. ಎಲ್ಲಿ ಕಂಡಿತೆಂದು ಗುರುತಿಟ್ಟು ಪಂಚಾಯಿತಿಗೆ ತಿಳಿಸಿದರೆ ಸಾಕು. ಶೀಸೆಯೊಳಗಿನ ಮರಿಗೆಡ್ಡೆ ಎಂದಾದರೂ ಹೊರಗೆ ಬಂದು ಬೇರೂರಬೇಕಾದರೆ, ಅದಕ್ಕೆಂದು ಉಳಿದಿರುವ ಒಂದಿಷ್ಟು ನೆಲ ಇರಲೇಬೇಕು. ಆ ನೆಲವನ್ನು ಯಾವ ಪ್ರಯೋಗಶಾಲೆಯೂ ಬೆಳೆಸಿಕೊಡಲಾರದು.